ನಗುಮುಖದ ನರ್ಸಮ್ಮ, ನಡುಗುವ ವಾರ್ಡು: ಡಾರ್ಕ್ ಕಾಮಿಡಿಗೆ ಆಸ್ಪತ್ರೆಯ ಖಳರನ್ನು ಬರೆಯುವುದು ಹೇಗೆ?

ಕೆಲವು ವರ್ಷಗಳ ಹಿಂದೆ ಅಮ್ಮನನ್ನು ಒಂದು ನರ್ಸಿಂಗ್ ಹೋಮಿಗೆ ಸೇರಿಸಿದ್ದೆವು. ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟರು "ಇವತ್ತು ಮನೆಗೆ ಹೋಗಬಹುದು" ಅಂದರು. ಸಂಜೆ ಆರಾದರೂ ಬಿಡಲಿಲ್ಲ. ಕೌಂಟರಿನಲ್ಲಿ ಕೇಳಿದರೆ ಫಾರ್ಮಸಿಯಿಂದ ಲೆಕ್ಕ ಬರಬೇಕು ಅಂದರು. ಫಾರ್ಮಸಿಯಲ್ಲಿ ಕೇಳಿದರೆ ವಾರ್ಡಿನಿಂದ ಫೈಲ್ ಬರಬೇಕು ಅಂದರು. ವಾರ್ಡಿಗೆ ಹೋದರೆ ಸಿಸ್ಟರ್ ನಗುತ್ತಾ "ಊಟ ಆಯ್ತಾ ಸರ್?" ಅಂದರು. ನನಗೆ ಸಿಟ್ಟು ಬರಲಿಲ್ಲ, ಭಯ ಆಯಿತು. ಒಳಗೆ ಅಮ್ಮ ಸೀರೆ ಉಟ್ಟು, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಕೈಯಲ್ಲಿ ಡ್ರಿಪ್ ಹಾಕುವ ಕ್ಯಾನುಲಾ ಹಾಗೇ ಇರುವಾಗಲೇ ಬಸ್ಸಿಗೆ ಕಾಯುವವರ ಥರ ಮಂಚದ ಮೇಲೆ ಕೂತಿದ್ದರು. ಅದನ್ನು ನೋಡಿ ನಗು ಉಕ್ಕಿ ಬಂತು. ಭಯ ಹೋಗಿರಲಿಲ್ಲ, ಅದರ ಜೊತೆಗೇ ನಗು ಬಂದಿತ್ತು.

ಡಾರ್ಕ್ ಕಾಮಿಡಿ ಅಂದರೆ ನನ್ನ ಮಟ್ಟಿಗೆ ಆ ಕ್ಷಣವೇ. ಆಮೇಲೆ ಕಿರುಚಿತ್ರಗಳಿಗೆ ಸ್ಕ್ರಿಪ್ಟ್ ಬರೆಯುವಾಗಲೆಲ್ಲ ಆಸ್ಪತ್ರೆಗೆ ಮರಳಿ ಹೋಗಿದ್ದೇನೆ. ಹಲವು ಸಲ ಕೆಟ್ಟದಾಗಿ ಬರೆದಿದ್ದೇನೆ. ನನ್ನ ಮೊದಲ ಖಳ ಡಾಕ್ಟರು ಕೈಯಲ್ಲಿ ಚಾಕು ಹಿಡಿದು ಗಹಗಹಿಸುತ್ತಿದ್ದ. ಯಾರೂ ಹೆದರಲಿಲ್ಲ, ಯಾರೂ ನಗಲಿಲ್ಲ. ಬಹಳ ತಡವಾಗಿ ಒಂದು ವಿಷಯ ಅರ್ಥವಾಯಿತು: ಖಳ ನರ್ಸ್ ಆಡಬೇಕಾದದ್ದು ಒಳ್ಳೆಯ ನರ್ಸ್ ಆಡುವ ಮಾತುಗಳನ್ನೇ. ಮಾತು ಅದೇ, ದನಿ ಅದೇ, ಪ್ರೀತಿಯೂ ಅದೇ. ಆಡುವ ಹೊತ್ತು ಮಾತ್ರ ಬೇರೆ. ಇಲ್ಲಿ ಹೇಳುವುದೆಲ್ಲ ಇದನ್ನು ಸಾಧಿಸುವ ದಾರಿ.

ಹೆಜ್ಜೆ 1: ಭಯ ಎಲ್ಲಿದೆ ಅಂತ ಹುಡುಕಿ

ಸೂಜಿ, ರಕ್ತ, ಕತ್ತರಿ ಇವೆಲ್ಲ ಮೇಲಿನ ಭಯ. ನಿಜವಾದ ಭಯ ಇರುವುದು ನಾವಾಗಿಯೇ ನಮ್ಮನ್ನು ಒಪ್ಪಿಸಿಬಿಡುವುದರಲ್ಲಿ. ರೌಡಿ ನಮ್ಮ ಉಂಗುರ ಕಿತ್ತುಕೊಳ್ಳುತ್ತಾನೆ. ಆಸ್ಪತ್ರೆಯಲ್ಲಿ ನಾವೇ ಉಂಗುರ, ಸರ, ಕಾಲುಂಗುರ ಎಲ್ಲ ಬಿಚ್ಚಿ ಕರ್ಚೀಫಿನಲ್ಲಿ ಕಟ್ಟಿ ಮನೆಯವರ ಕೈಗೆ ಕೊಡುತ್ತೇವೆ. ಹಿಂದೆ ದಾರ ಕಟ್ಟುವ ಗೌನು ಹಾಕಿಕೊಳ್ಳುತ್ತೇವೆ. ಓದದ ಕಾಗದಕ್ಕೆ ಸಹಿ ಹಾಕುತ್ತೇವೆ. ಅಡ್ವಾನ್ಸ್ ಕೂಡ ನಾವೇ ಕಟ್ಟುತ್ತೇವೆ.

ನಿಮ್ಮ ಕಥೆ ಶುರು ಮಾಡುವ ಮೊದಲು ಒಂದು ಹಾಳೆಯಲ್ಲಿ ನಿಮ್ಮ ಪಾತ್ರ ಅಡ್ಮಿಟ್ ಆದ ಮೇಲೆ ಏನೇನನ್ನು ಬಿಟ್ಟುಕೊಡುತ್ತದೆ ಅಂತ ಬರೆಯಿರಿ. ಬಟ್ಟೆ, ಚಪ್ಪಲಿ, ಫೋನು, ಊಟದ ಹೊತ್ತು, ಬಾತ್‌ರೂಮಿನ ಬಾಗಿಲ ಚಿಲಕ. ಆ ಪಟ್ಟಿಯ ಒಂದೊಂದು ಸಾಲೂ ಒಂದೊಂದು ದೃಶ್ಯ ಆಗುತ್ತದೆ.

ಹೇಳುವುದೆಲ್ಲ ಗಾಳಿಮಾತು ಆಗಬಾರದು ಅಂತ ಒಂದೇ ಕಥೆಯನ್ನು ಕೊನೆಯವರೆಗೂ ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ. ತುಮಕೂರು ಕಡೆಯ ಒಂದು ತಾಲ್ಲೂಕು ಪಟ್ಟಣ. ಇಪ್ಪತ್ತು ಬೆಡ್ಡಿನ ಹಳೆಯ ನರ್ಸಿಂಗ್ ಹೋಮು. ಹರ್ನಿಯಾ ಆಪರೇಷನ್ನಿಗೆ ಬಂದವರು ರಾಮಣ್ಣ, ಕೆಎಸ್‌ಆರ್‌ಟಿಸಿಯ ನಿವೃತ್ತ ಕಂಡಕ್ಟರು. ಅಲ್ಲಿನ ಹೆಡ್ ನರ್ಸ್ ಕಮಲಾ ಸಿಸ್ಟರ್, ನಮ್ಮ ಖಳನಾಯಕಿ.

ಹೆಜ್ಜೆ 2: ಖಳನ ಹುದ್ದೆ ಯಾವುದು ಅಂತ ನಿರ್ಧರಿಸಿ

ಎಲ್ಲರೂ ಮೊದಲು ಸರ್ಜನ್ನನ್ನೇ ಆರಿಸುತ್ತಾರೆ. ಆದರೆ ಸರ್ಜನ್ ರೋಗಿಯ ಜೊತೆ ಎಚ್ಚರವಾಗಿ ಕಳೆಯುವುದು ದಿನಕ್ಕೆ ಐದು ನಿಮಿಷ. ನರ್ಸ್ ಇಡೀ ಶಿಫ್ಟ್ ಇರುತ್ತಾಳೆ. ರಾತ್ರಿ ಎರಡು ಗಂಟೆಗೆ ಬೆಲ್ ಒತ್ತಿದರೆ ಬರುವವಳು, ಅಥವಾ ಬಾರದಿರುವವಳು ಅವಳೇ. ವಾರ್ಡ್ ಬಾಯ್ ಕೈಯಲ್ಲಿ ಸ್ಟ್ರೆಚರ್ ಇದೆ, ಆಯಾ ಕೈಯಲ್ಲಿ ಬೆಡ್‌ಪ್ಯಾನ್ ಇದೆ, ಬಿಲ್ಲಿಂಗ್‌ನವನ ಕೈಯಲ್ಲಿ ಗೇಟ್ ಪಾಸ್ ಇದೆ. ಹುದ್ದೆ ಸಣ್ಣದಾದಷ್ಟೂ ಅಧಿಕಾರದ ರುಚಿ ಜಾಸ್ತಿ. ಸಣ್ಣ ಅಧಿಕಾರವನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಕೂತವರನ್ನು ನೋಡಿದರೆ ನಗು ತಾನಾಗಿ ಬರುತ್ತದೆ.

ಹೆಜ್ಜೆ 3: ಖಳನಿಗೂ ಒಂದು ನ್ಯಾಯ ಇರಲಿ

ಬರೇ ದುಷ್ಟ ಅಂತ ಬರೆದರೆ ಪಾತ್ರ ಹತ್ತು ನಿಮಿಷಕ್ಕೆ ಮುಗಿದುಹೋಗುತ್ತದೆ. ತಾನು ಮಾಡುತ್ತಿರುವುದೇ ಸರಿ ಅಂತ ನಂಬಿದ ಖಳ ಇಡೀ ಸಿನಿಮಾ ಹೊರುತ್ತಾನೆ.

ಇದಕ್ಕೆ ನಾನು ಯಾವಾಗಲೂ ನೆನೆಯುವುದು ಫ್ರೆಂಚ್ ಲೇಖಕ ಜೂಲ್ ರೊಮೇನ್ಸ್ 1923ರಲ್ಲಿ ರಂಗಕ್ಕೆ ತಂದ 'ನಾಕ್' ನಾಟಕ. ಅದು ಹಲವು ಸಲ ಸಿನಿಮಾ ಕೂಡ ಆಗಿದೆ. ನಟ ಲೂಯಿ ಜೂವೆ ರಂಗದ ಮೇಲೂ, 1933 ಮತ್ತು 1951ರ ಸಿನಿಮಾಗಳಲ್ಲೂ ಅದರ ಮುಖ್ಯ ಪಾತ್ರ ಡಾಕ್ಟರ್ ನಾಕ್ ಆಗಿ ಮಾಡಿದ. ಆರೋಗ್ಯವಂತರೇ ತುಂಬಿರುವ ಒಂದು ಊರಿಗೆ ನಾಕ್ ಬರುತ್ತಾನೆ. ಡಂಗುರ ಸಾರುವವನನ್ನು ಕರೆದು, ಸಂತೆಯ ದಿನ ಉಚಿತ ತಪಾಸಣೆ ಅಂತ ಸಾರಿಸುತ್ತಾನೆ. ಡಂಗುರದವನು ಹೊಟ್ಟೆಯ ಮೇಲ್ಭಾಗ ತೋರಿಸಿ ಏನೋ ಆಗುತ್ತೆ ಅಂದಾಗ, ಅದು ಕಚಗುಳಿಯೋ ಕೆರೆತವೋ ಅಂತ ಗಂಭೀರವಾಗಿ ವಿಚಾರಿಸುತ್ತಾನೆ. ಆ ಒಂದು ಪ್ರಶ್ನೆಗೇ ಅವನು ರೋಗಿ ಆಗಿಬಿಡುತ್ತಾನೆ. ಕೊನೆಗೆ ಊರಿನ ಹೋಟೆಲ್ಲೇ ಆಸ್ಪತ್ರೆ ಆಗುತ್ತದೆ. ರಾತ್ರಿ ಹತ್ತು ಹೊಡೆದಾಗ 250 ಥರ್ಮಾಮೀಟರು ಒಂದೇ ಕ್ಷಣದಲ್ಲಿ ರೋಗಿಗಳ ಮೈ ಸೇರುತ್ತವೆ ಅಂತ ಅವನು ಹೇಳುವಾಗ ದನಿಯಲ್ಲಿ ಭಕ್ತಿ ಇರುತ್ತದೆ. ಅವನು ಮೋಸಗಾರನೋ, ನಿಜವಾಗಿ ನಂಬಿದವನೋ? ನಾಟಕ ಉತ್ತರ ಕೊಡುವುದಿಲ್ಲ. ಭಯ ಹುಟ್ಟುವುದು ಅಲ್ಲೇ.

ಇನ್ನೊಂದು ದಾರಿ ದುರಾಸೆಯದು. ಶ್ರೀರಾಮ್ ರಾಘವನ್ ಅವರ ಹಿಂದಿ ಸಿನಿಮಾ 'ಅಂಧಾಧುನ್' 2018ರಲ್ಲಿ ಬಂತು. ಅದರಲ್ಲಿನ ಡಾಕ್ಟರ್ ಸ್ವಾಮಿ ಕಿಡ್ನಿ ಕದಿಯುವವನು. ಆಪರೇಷನ್ ಟೇಬಲ್ ಮೇಲಿರುವ ನಾಯಕ ಇದಕ್ಕಿಂತ ದೊಡ್ಡ ದುಡ್ಡಿನ ದಾರಿ ತೋರಿಸಿದಾಗ ಡಾಕ್ಟರು ಮಾತುಕತೆಗೆ ಇಳಿಯುತ್ತಾನೆ. ಮನುಷ್ಯನ ಅಂಗಕ್ಕೆ ಸಂತೆಯಲ್ಲಿ ಕುಂಬಳಕಾಯಿಗೆ ಮಾಡುವಂತೆ ಚೌಕಾಸಿ ನಡೆಯುತ್ತದೆ. ಅಂಗಾಂಗ ಮಾರಾಟವನ್ನು ತಡೆಯುವ ಕಾನೂನು ನಮ್ಮಲ್ಲಿ 1994ರಿಂದ ಇದೆ. ಪ್ರೇಕ್ಷಕರಿಗೆ ಅದು ಗೊತ್ತು. ಅದಕ್ಕೇ ಆ ಸಲೀಸು ಮಾತುಕತೆ ಮೈ ಜುಮ್ಮೆನಿಸುತ್ತದೆ.

ನಮ್ಮ ಕಮಲಾ ಸಿಸ್ಟರಿಗೆ ನಾನು ಕೊಟ್ಟ ನ್ಯಾಯ ಇದು. ಆಕೆ ಇಪ್ಪತ್ತಾರು ವರ್ಷ ಈ ನರ್ಸಿಂಗ್ ಹೋಮಿನಲ್ಲಿ ದುಡಿದಿದ್ದಾಳೆ. ಹಳೆಯ ಡಾಕ್ಟರಿಗೆ ವಯಸ್ಸಾಗಿದೆ. ಬೆಡ್ ಖಾಲಿ ಬಿದ್ದರೆ ಮಗ ಈ ಜಾಗವನ್ನು ಕಲ್ಯಾಣ ಮಂಟಪ ಮಾಡುತ್ತಾನೆ. ಹಾಗಾಗಿ ಬೆಡ್ ಖಾಲಿ ಆಗಕೂಡದು. ಅಷ್ಟೇ. ಆಕೆಗೆ ದುಡ್ಡು ಬೇಡ, ಯಾರ ಮೇಲೂ ದ್ವೇಷ ಇಲ್ಲ. ಇಪ್ಪತ್ತು ಬೆಡ್ಡಿನಲ್ಲಿ ಇಪ್ಪತ್ತು ಜನ ಇರಬೇಕು.

ಹೆಜ್ಜೆ 4: ಮಾತು

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಪಾತ್ರ ಸಾಯುವುದೂ ಬದುಕುವುದೂ ಸಂಭಾಷಣೆಯಲ್ಲೇ.

'ಒನ್ ಫ್ಲೂ ಓವರ್ ದ ಕುಕೂಸ್ ನೆಸ್ಟ್' (1975) ಮಾನಸಿಕ ಆಸ್ಪತ್ರೆಯೊಂದರಲ್ಲಿ ನಡೆಯುವ ಸಿನಿಮಾ, ಪೂರ್ತಿ ಡಾರ್ಕ್ ಕಾಮಿಡಿ ಅಲ್ಲ. ಆದರೂ ನರ್ಸ್ ರ್‍ಯಾಚೆಡ್ ಪಾತ್ರವನ್ನು ನೋಡದೆ ಈ ಕೆಲಸಕ್ಕೆ ಇಳಿಯಬೇಡಿ. ಅದನ್ನು ಮಾಡಿದ ಲೂಯಿಸ್ ಫ್ಲೆಚರ್‌ಗೆ ಆಸ್ಕರ್ ಬಂತು. ಒಂದು ದೃಶ್ಯದಲ್ಲಿ ರೋಗಿಗಳು ಟಿವಿಯಲ್ಲಿ ಬೇಸ್‌ಬಾಲ್ ಪಂದ್ಯ ನೋಡಬೇಕು ಅಂತ ವೋಟು ಹಾಕುತ್ತಾರೆ. ಸಭೆಯಲ್ಲಿ ಕೂತ ಒಂಬತ್ತು ಜನರೂ ಕೈ ಎತ್ತುತ್ತಾರೆ. ವಾರ್ಡಿನಲ್ಲಿ ಒಟ್ಟು ಹದಿನೆಂಟು ಜನ ಇದ್ದಾರೆ, ಬಹುಮತ ಬೇಕು ಅನ್ನುತ್ತಾಳೆ ನರ್ಸ್. ಉಳಿದ ಒಂಬತ್ತು ಜನಕ್ಕೆ ವೋಟು ಅಂದರೇನು ಅಂತಲೇ ತಿಳಿಯದು. ನಾಯಕ ಹೇಗೋ ಹತ್ತನೆಯ ಕೈ ಎತ್ತಿಸುತ್ತಾನೆ. ಅಷ್ಟರಲ್ಲಿ ಸಭೆ ಮುಗಿಯಿತಲ್ಲ ಅನ್ನುತ್ತಾಳೆ. ದನಿ ಏರುವುದಿಲ್ಲ, ಮುಖದ ಒಂದು ಗೆರೆಯೂ ಅಲ್ಲಾಡುವುದಿಲ್ಲ. ನಿಯಮ ಅವಳ ಕಡೆಗಿದೆ.

ಈಗ ನಮ್ಮ ವಾರ್ಡಿಗೆ ಬನ್ನಿ. ಏಳನೆಯ ದಿನ, ಬೆಳಿಗ್ಗೆ.

ರಾಮಣ್ಣ: ಸಿಸ್ಟರ್, ಡಾಕ್ಟ್ರು ಮೂರೇ ದಿನ ಅಂದಿದ್ರು. ಇವತ್ತಿಗೆ ಏಳಾಯ್ತು.

ಕಮಲಾ: ಹೊಲಿಗೆ ಇನ್ನೂ ಹಸಿ ಐತೆ ತಾತ. ಮನೇಲಿ ಬಿಂದಿಗೆ ಎತ್ತೋರು ಯಾರು? ನೀವೇ ತಾನೆ?

ರಾಮಣ್ಣ: ಮನೇಲಿ ನಲ್ಲಿ ಐತಲ್ಲಮ್ಮ.

ಕಮಲಾ: ದಿನಾ ನೀರು ಬರುತ್ತಾ?

ರಾಮಣ್ಣ: (ಸ್ವಲ್ಪ ಯೋಚಿಸಿ) ಎರಡು ದಿನಕ್ಕೊಂದ್ಸಲ.

ಕಮಲಾ: ನೋಡಿದ್ರಾ. (ಚಾರ್ಟಿನಲ್ಲಿ ಬರೆಯುತ್ತಾಳೆ) ಇನ್ನೆರಡು ದಿನ ಇರಿ.

ಗಮನಿಸಿ, ಅವಳ ಬಾಯಲ್ಲಿ ಒಂದು ಬೆದರಿಕೆಯ ಮಾತೂ ಇಲ್ಲ. ಅವಳು ಕೇಳಿದ್ದೆಲ್ಲ ಒಳ್ಳೆಯ ನರ್ಸ್ ಕೇಳಬೇಕಾದ ಪ್ರಶ್ನೆಗಳೇ. ರಾಮಣ್ಣನೇ ಉತ್ತರ ಕೊಟ್ಟು ತನ್ನ ಬಾಗಿಲನ್ನು ತಾನೇ ಹಾಕಿಕೊಂಡ. ಊರಿನ ನೀರಿನ ಸರಬರಾಜು ಅವನನ್ನು ಆಸ್ಪತ್ರೆಯಲ್ಲಿ ಹಿಡಿದಿಟ್ಟಿತು. ಇಂಥ ಸಂಭಾಷಣೆ ಬರೆಯಲು ಒಂದು ಉಪಾಯ ಇದೆ. ಮೊದಲು ನಿಜವಾದ, ಪ್ರೀತಿಯ ನರ್ಸ್ ಒಬ್ಬಳು ಏನು ಹೇಳುತ್ತಾಳೋ ಅದನ್ನೇ ಬರೆಯಿರಿ. "ಏನಿಲ್ಲ, ಇರುವೆ ಕಚ್ಚಿದ ಹಾಗೆ ಅಷ್ಟೆ." "ಒಂದು ತುತ್ತು ಉಣ್ಣಿ, ನನಗೋಸ್ಕರ." "ನೀವು ಹೀಗೆ ಹಟ ಮಾಡಿದ್ರೆ ಹೆಂಗೆ?" ಆಮೇಲೆ ಆ ಸಾಲುಗಳನ್ನು ಮುಟ್ಟದೆ, ಸಂದರ್ಭವನ್ನು ಮಾತ್ರ ಬದಲಾಯಿಸಿ. ರೋಗಿಯ ಕೈಯನ್ನು ಮಂಚಕ್ಕೆ ಕಟ್ಟಿರುವಾಗ "ಒಂದು ತುತ್ತು ಉಣ್ಣಿ, ನನಗೋಸ್ಕರ" ಅಂದರೆ ಹೇಗಿರುತ್ತದೆ, ಒಮ್ಮೆ ಜೋರಾಗಿ ಓದಿ ನೋಡಿ.

ಕರೆಯುವ ರೀತಿಯನ್ನೂ ಸರಿಯಾಗಿ ಹಿಡಿಯಿರಿ. ಆಸ್ಪತ್ರೆಯಲ್ಲಿ ನಿಮ್ಮ ಹೆಸರು ಹೋಗಿಬಿಡುತ್ತದೆ. ನೀವು ತಾತ, ಅಜ್ಜಿ, ಅಂಕಲ್, ಇಲ್ಲವೇ ಒಂಬತ್ತನೇ ಬೆಡ್ಡು. ಕಮಲಾ ಸಿಸ್ಟರ್ ರಾಮಣ್ಣನನ್ನು 'ತಾತ' ಅನ್ನುವುದನ್ನು ಬಿಟ್ಟು 'ಹನ್ನೊಂದನೇ ಬೆಡ್ಡು' ಅಂದ ಕ್ಷಣ ಪ್ರೇಕ್ಷಕರಿಗೆ ಏನೋ ಕೆಟ್ಟದ್ದು ಕಾದಿದೆ ಅಂತ ಗೊತ್ತಾಗಬೇಕು.

ಹೆಜ್ಜೆ 5: ಒಂದೊಂದೇ ಮೆಟ್ಟಿಲು ಏರಿಸಿ

ಮೊದಲ ದೃಶ್ಯದಲ್ಲೇ ಹೆಣ ಬೀಳಿಸಬೇಡಿ. ಮೊದಲು ಡಿಸ್ಚಾರ್ಜ್ ತಡವಾಗಲಿ. ಆಮೇಲೆ ಥರ್ಮಾಮೀಟರಿನ ಪಕ್ಕ ಬಿಸಿ ಕಾಫಿ ಲೋಟ ಇರಲಿ, ಇಲ್ಲದ ಜ್ವರ ಚಾರ್ಟಿನಲ್ಲಿ ಕಾಣಿಸಲಿ. ಸಲಹೆ ಮೀರಿ ಮನೆಗೆ ಹೋಗುತ್ತೇನೆ ಅಂತ ರೋಗಿ ಬರೆದುಕೊಡುವ ಕಾಗದಕ್ಕೆ ಆಸ್ಪತ್ರೆಯವರು 'ಡಾಮಾ' ಅನ್ನುತ್ತಾರೆ. ರಾಮಣ್ಣ ಅದನ್ನು ಕೇಳುತ್ತಾನೆ. ಫಾರಂ ಖಾಲಿ ಆಗಿದೆ, ಪ್ರಿಂಟಿಗೆ ಕೊಟ್ಟಿದ್ದೇವೆ ಅನ್ನುತ್ತಾಳೆ ಕಮಲಾ.

ಆಮೇಲೆ ಒಂಬತ್ತನೇ ಬೆಡ್ಡಿನ ಮುದುಕರು ಮಂಗಳವಾರ ರಾತ್ರಿ ನಿದ್ದೆಯಲ್ಲೇ ತೀರಿಕೊಳ್ಳುತ್ತಾರೆ. ಸಹಜ ಸಾವು, ಕಮಲಾ ಏನೂ ಮಾಡಿಲ್ಲ. ಆದರೆ ಬೆಡ್ ಖಾಲಿ ಆಗಕೂಡದಲ್ಲ? ಹೊದಿಕೆ ಗಲ್ಲದವರೆಗೆ ಎಳೆದು, ಫ್ಯಾನು ಜೋರು ಮಾಡಿ, ಚಾರ್ಟು ತುಂಬುತ್ತಾ ಹೋಗುತ್ತಾಳೆ. ಬುಧವಾರ 98.4. ಗುರುವಾರ 98.4. ಶುಕ್ರವಾರ 98.4. ಊಟ ಮಾಡಿದರು, ಸಮಾಧಾನವಾಗಿದ್ದಾರೆ, ಯಾವ ತೊಂದರೆಯೂ ಇಲ್ಲ. ರೌಂಡ್ಸಿಗೆ ಬಂದ ಹಳೆಯ ಡಾಕ್ಟರು ಇಡೀ ವಾರ್ಡಿನಲ್ಲಿ ಆ ಚಾರ್ಟನ್ನೇ ಮೆಚ್ಚಿ, "ಇವರನ್ನ ನೋಡಿ ಕಲೀರಿ" ಅಂತ ಉಳಿದವರಿಗೆ ಬುದ್ಧಿ ಹೇಳುತ್ತಾರೆ.

ನನ್ನ ಪ್ರಕಾರ ಇಡೀ ಕಥೆಗೆ ಇಂಥ ಒಂದು ಚಿತ್ರ ಸಾಕು. ಮೂರು ಹೆಣಕ್ಕಿಂತ ಒಂದು ಚಾರ್ಟು ಜಾಸ್ತಿ ನಡುಗಿಸುತ್ತದೆ.

ಹೆಜ್ಜೆ 6: ವಿವರ ತಪ್ಪಿದರೆ ಭಯವೂ ಹೋಗುತ್ತದೆ

ನೋಡುವವರಲ್ಲಿ ನರ್ಸುಗಳು ಇರುತ್ತಾರೆ, ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಕಳೆದವರು ಇರುತ್ತಾರೆ. ಅವರಿಗೆ ಸುಳ್ಳು ಕಂಡರೆ ನಿಮ್ಮ ಖಳ ಬೊಂಬೆ ಆಗಿಬಿಡುತ್ತಾನೆ. ಹೃದಯದ ಗೆರೆ ಪೂರ್ತಿ ನೇರ ಆದಮೇಲೆ ಶಾಕ್ ಕೊಡುವುದಿಲ್ಲ. ಸಿನಿಮಾದವರು ಮತ್ತೆ ಮತ್ತೆ ಮಾಡುವ ತಪ್ಪು ಅದು. ಕೈಗೆ ಹಾಕುವ ಕ್ಯಾನುಲಾಕ್ಕೆ ಅಳತೆಯ ಪ್ರಕಾರ ಬಣ್ಣ ಇರುತ್ತದೆ. ದೊಡ್ಡವರಿಗೆ ಸಾಮಾನ್ಯವಾಗಿ ಗುಲಾಬಿ ಅಥವಾ ಹಸಿರು. ಹಳದಿ ಹಸುಗೂಸುಗಳಿಗೆ ಹಾಕುವ ಸಣ್ಣದು. ಪ್ರಜ್ಞೆ ತಪ್ಪಿಸಲು ಕೊಡುವ ಪ್ರೊಪೊಫಾಲ್ ಹಾಲಿನ ಹಾಗೆ ಬೆಳ್ಳಗಿರುತ್ತದೆ, ಹಸಿರು ದ್ರವ ತೋರಿಸಬೇಡಿ.

ಕಸದ ಡಬ್ಬಿಗಳನ್ನು ಮರೆಯಬೇಡಿ. 2016ರ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ದೇಹದ ಭಾಗಗಳು ಹಳದಿಗೆ, ಬಳಸಿದ ಪ್ಲಾಸ್ಟಿಕ್ ಟ್ಯೂಬುಗಳು ಕೆಂಪಿಗೆ, ಸೂಜಿ ಬ್ಲೇಡುಗಳು ಬಿಳಿಗೆ, ಗಾಜು ನೀಲಿಗೆ ಹೋಗಬೇಕು. ಈ ನಿಯಮವನ್ನು ಒಂದು ಕೂದಲಷ್ಟೂ ಮೀರದ ಕೊಲೆಗಡುಕ ವಾರ್ಡ್ ಬಾಯ್ ಒಬ್ಬನನ್ನು ಊಹಿಸಿಕೊಳ್ಳಿ. ಕೈಯಲ್ಲಿ ಏನೋ ಹಿಡಿದು, ಹಳದಿಯೋ ಕೆಂಪೋ ಅಂತ ನಿಂತು ಯೋಚಿಸುತ್ತಿದ್ದಾನೆ. ಕೈಯಲ್ಲಿರುವುದನ್ನು ತೋರಿಸಲೇಬೇಡಿ.

ಸದ್ದು ಇನ್ನೂ ದೊಡ್ಡ ಆಸ್ತಿ. ಬೆರಳಿಗೆ ಸಿಕ್ಕಿಸುವ ಆಕ್ಸಿಜನ್ ಮೀಟರು ಆಪರೇಷನ್ ಥಿಯೇಟರಿನ ಮಾನಿಟರಿಗೆ ಸೇರಿರುತ್ತದಲ್ಲ, ರಕ್ತದಲ್ಲಿ ಆಕ್ಸಿಜನ್ ಇಳಿದಂತೆ ಅದರ ಬೀಪ್ ಸದ್ದಿನ ಶ್ರುತಿಯೂ ಇಳಿಯುತ್ತದೆ. ಅನಸ್ತೇಷಿಯಾ ಡಾಕ್ಟರು ತಲೆ ಎತ್ತದೆಯೇ ಕಿವಿಯಿಂದ ತಿಳಿಯುತ್ತಾರೆ. ಮುಂದೆ ಇಬ್ಬರು ಮದುವೆ ಊಟದ ಬಗ್ಗೆ ಹರಟುತ್ತಿರಲಿ, ಹಿಂದೆ ಆ ಶ್ರುತಿ ಮೆಲ್ಲಗೆ ಇಳಿಯುತ್ತಾ ಹೋಗಲಿ. ಹಿನ್ನೆಲೆ ಸಂಗೀತವೇ ಬೇಡ.

ಬೆಳಕು? ಟ್ಯೂಬ್‌ಲೈಟು. ಮೂಲೆಯಲ್ಲಿ ಕತ್ತಲು, ನೀಲಿ ಹೊಗೆ ಬೇಡ. ಎಲ್ಲವೂ ಬೆಳ್ಳಗೆ, ಫಿನಾಯಿಲ್ ವಾಸನೆ ಬರುವಷ್ಟು ಸ್ವಚ್ಛವಾಗಿ ಕಾಣಲಿ.

ಹೆಜ್ಜೆ 7: ಯಾರನ್ನು ನೋಡಿ ನಗಬೇಕು?

ಈ ಹೆಜ್ಜೆಯಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ನಗು ಅಧಿಕಾರದ ಮೇಲೆ ಇರಲಿ, ಕಾಯಿಲೆಯ ಮೇಲೆ ಬೇಡ. ಮಾನಸಿಕ ಕಾಯಿಲೆ ಇರುವವರನ್ನು ಕುಣಿಸಿ ನಗಿಸುವುದು, ಕೇರಳದ ಸಿಸ್ಟರುಗಳ ಕನ್ನಡವನ್ನು ಅಣಕಿಸುವುದು, ದಪ್ಪ ಆಯಾಳನ್ನು ಬೀಳಿಸುವುದು, ಇವೆಲ್ಲ ಸೋಮಾರಿ ಬರವಣಿಗೆ. ನೋವೂ ಮಾಡುತ್ತದೆ. ರಾತ್ರಿಯಿಡೀ ನಿಂತು ದುಡಿಯುವ ಸಾವಿರಾರು ಜನರ ನಡುವೆ ನಿಮ್ಮ ಖಳ ಒಬ್ಬಳು. ವಾರ್ಡಿನಲ್ಲಿ ಒಬ್ಬ ಒಳ್ಳೆಯ ಕಿರಿಯ ನರ್ಸ್ ಇದ್ದೇ ಇರಲಿ. ಕಥೆಗೂ ಅವಳು ಬೇಕು, ಮುಂದೆ ಹೇಳುತ್ತೇನೆ.

ನಿಜ ಘಟನೆ ತೆಗೆದುಕೊಂಡರೆ ಇನ್ನೂ ಎಚ್ಚರ. ಇಂಗ್ಲೆಂಡಿನ ಹೈಡ್ ಪಟ್ಟಣದ ಡಾಕ್ಟರ್ ಹೆರಾಲ್ಡ್ ಶಿಪ್‌ಮನ್‌ಗೆ 15 ರೋಗಿಗಳ ಕೊಲೆಗಾಗಿ 2000ದಲ್ಲಿ ಜೀವಾವಧಿ ಶಿಕ್ಷೆ ಆಯಿತು. ಆಮೇಲೆ ನಡೆದ ವಿಚಾರಣೆ 200ಕ್ಕೂ ಹೆಚ್ಚು ಸಾವುಗಳಿಗೆ ಅವನೇ ಕಾರಣ ಅಂದಿತು. ಮನೆಗೇ ಬಂದು ನೋಡುವ ಡಾಕ್ಟರು ಅಂತ ಅವನ ರೋಗಿಗಳು ನಂಬಿದ್ದರು. ಒಬ್ಬ ಅಜ್ಜಿಯ ಆಸ್ತಿ ತನಗೇ ಬರುವ ಹಾಗೆ ಸುಳ್ಳು ಉಯಿಲು ಟೈಪ್ ಮಾಡಿ ಸಿಕ್ಕಿಬಿದ್ದ. ಆ ಅಜ್ಜಿಯ ಮಗಳೇ ವಕೀಲೆ. ಟೈಪ್‌ರೈಟರು ಅವನ ಹತ್ತಿರವೇ ಸಿಕ್ಕಿತು. ಇದರಿಂದ ಖಳನ ನಡವಳಿಕೆ ಕಲಿಯಿರಿ: ನಂಬಿಕೆ ಗಳಿಸಿದವನು, ಎಲ್ಲವನ್ನೂ ದಕ್ಕಿಸಿಕೊಂಡವನು, ಕೊನೆಗೆ ಒಂದು ಕಾಗದದಲ್ಲಿ ಎಡವುವವನು. ಆದರೆ ಆ ಕುಟುಂಬಗಳ ಸಾವನ್ನೇ ತಮಾಷೆ ಮಾಡಬೇಡಿ.

ನಮ್ಮ ಹತ್ತಿರದ್ದೇ ಒಂದಿದೆ. 2023ರಲ್ಲಿ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮೆಷಿನ್ ಇಟ್ಟು ಗರ್ಭದಲ್ಲಿರುವುದು ಗಂಡೋ ಹೆಣ್ಣೋ ಅಂತ ಹೇಳುತ್ತಿದ್ದ ಜಾಲ ಬಯಲಾಯಿತು. ಭ್ರೂಣಲಿಂಗ ಪತ್ತೆಯನ್ನು 1994ರ ಕಾನೂನು ನಿಷೇಧಿಸಿದೆ. ಬೆಲ್ಲದ ವಾಸನೆ, ಕಬ್ಬಿನ ಸಿಪ್ಪೆ, ನಡುವೆ ಸ್ಕ್ಯಾನಿಂಗ್ ಪರದೆ. ಬರಹಗಾರನ ಕೈ ತುರಿಸುತ್ತದೆ, ನಿಜ. ನಾನು ಬರೆಯಲು ಕೂತು ನಿಲ್ಲಿಸಿದೆ. ಆ ಹೆಂಗಸರು ಕಣ್ಣ ಮುಂದೆ ಬಂದಾಗ ನಗು ಬರಲಿಲ್ಲ. ಬರೆಯುವ ಧೈರ್ಯ ನಿಮಗಿದ್ದರೆ ಹೊಲದ ಬದಿಯಲ್ಲಿ ಕಾರು ನಿಲ್ಲಿಸಿ, ಒಳಗೆ ಗಂಡು ಮಗುವಿಗಾಗಿ ಕಾಯುತ್ತಿರುವ ಗಂಡಸರ ಮೇಲೆ ಕ್ಯಾಮೆರಾ ಇಡಿ.

ಹೆಜ್ಜೆ 8: ಹೆದರದ ರೋಗಿಯನ್ನು ಎದುರು ನಿಲ್ಲಿಸಿ

ಫ್ರ್ಯಾಂಕ್ ಆಜ್ ನಿರ್ದೇಶಿಸಿದ 'ಲಿಟಲ್ ಶಾಪ್ ಆಫ್ ಹಾರರ್ಸ್' (1986) ಸಿನಿಮಾದಲ್ಲಿ ಸ್ಟೀವ್ ಮಾರ್ಟಿನ್ ಮಾಡಿದ ಹಲ್ಲಿನ ಡಾಕ್ಟರು ನೋವು ಕೊಡುವುದರಲ್ಲೇ ಸುಖ ಕಾಣುವವನು. ಅವನ ಕುರ್ಚಿಗೆ ಬಿಲ್ ಮರ್ರಿ ಮಾಡಿದ ಒಬ್ಬ ರೋಗಿ ಬರುತ್ತಾನೆ. ಅವನಿಗೆ ನೋವು ಅಂದರೇ ಖುಷಿ. ಡ್ರಿಲ್ ಹಾಕಿದಷ್ಟೂ ಹಿಗ್ಗುತ್ತಾನೆ. ಡಾಕ್ಟರಿಗೆ ರೇಗಿಹೋಗಿ ಅವನನ್ನು ಹೊರಗೆ ದಬ್ಬುತ್ತಾನೆ. ಖಳನ ಶಕ್ತಿ ರೋಗಿಯ ಭಯದಲ್ಲಿ ಇತ್ತು ಅನ್ನುವುದು ಅಲ್ಲಿ ಬೆತ್ತಲಾಗುತ್ತದೆ.

ನಮ್ಮ ರಾಮಣ್ಣನ ಅಸ್ತ್ರ ಅವನ ನೌಕರಿ. ಮೂವತ್ತು ವರ್ಷ ಕಂಡಕ್ಟರಾಗಿದ್ದವನಿಗೆ ತಲೆ ಎಣಿಸಿ ಟಿಕೆಟ್ಟಿಗೆ ತಾಳೆ ನೋಡದಿದ್ದರೆ ನಿದ್ದೆ ಬಾರದು. ಚೆಕಿಂಗ್‌ನವರು ಹತ್ತಿದಾಗ ಲೆಕ್ಕ ತಪ್ಪಿದರೆ ಕೆಲಸಕ್ಕೇ ಕುತ್ತು ಅಲ್ವಾ? ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ವಾರ್ಡಿನ ವೇಬಿಲ್, ಅಂದರೆ ಕಂಡಕ್ಟರು ಇಡುವಂಥ ಲೆಕ್ಕದ ಹಾಳೆ, ಬರೆಯುತ್ತಾನೆ. ಊಟದ ತಟ್ಟೆ ಇಪ್ಪತ್ತು. ಚಾರ್ಟು ಇಪ್ಪತ್ತು. ಉಸಿರಾಡುವ ತಲೆ ಹತ್ತೊಂಬತ್ತು. ನಾಯಕನಿಗೆ ಕೊಡುವ ಅಸ್ತ್ರ ಅವನ ಬದುಕಿನಿಂದಲೇ ಬರಲಿ. ದಿಢೀರನೆ ಪೊಲೀಸ್ ಜೀಪು ತರಿಸಬೇಡಿ.

ಹೆಜ್ಜೆ 9: ಖಳನ ಸಾಮಾನಿನಿಂದಲೇ ಖಳನ ಅಂತ್ಯ

ಅದೇ ಹಲ್ಲಿನ ಡಾಕ್ಟರು ನಗೆಯ ಅನಿಲ ಎಳೆಯಲು ಹಾಕಿಕೊಂಡ ಮುಖವಾಡ ಸಿಕ್ಕಿಹಾಕಿಕೊಂಡು, ನಗುತ್ತಾ ನಗುತ್ತಾ ಸಾಯುತ್ತಾನೆ. ಪಿಸ್ತೂಲು ಹಿಡಿದು ಬಂದ ನಾಯಕ ಗುಂಡು ಹಾರಿಸುವುದಿಲ್ಲ, ಕಾಪಾಡುವುದೂ ಇಲ್ಲ, ಸುಮ್ನೆ ನಿಂತು ನೋಡುತ್ತಾನೆ.

ಕಮಲಾ ಸಿಸ್ಟರ್ ತಾನೇ ಒರೆಸಿಸಿದ ಒದ್ದೆ ನೆಲದ ಮೇಲೆ ಜಾರಿ ಸೊಂಟ ಮುರಿದುಕೊಳ್ಳುತ್ತಾಳೆ. ಮೂಟೆ ಹೊರುವ ಹಾಗೆ ಹೊತ್ತು ಒಂಬತ್ತನೇ ಬೆಡ್ಡಿಗೆ ಹಾಕುತ್ತಾರೆ. ಅಷ್ಟು ಹೊತ್ತಿಗೆ ರಾಮಣ್ಣನ ವೇಬಿಲ್ ನೋಡಿ ಆ ಬೆಡ್ಡು ಖಾಲಿ ಮಾಡಿರುತ್ತಾರೆ. ಕಿರಿಯ ನರ್ಸ್ ಹೊದಿಕೆ ಸರಿಮಾಡಿ, "ಏನಿಲ್ಲ ಅಕ್ಕ, ಇರುವೆ ಕಚ್ಚಿದ ಹಾಗೆ" ಅನ್ನುತ್ತಾಳೆ. ಆ ಹುಡುಗಿ ನಿಜವಾಗಿಯೂ ಪ್ರೀತಿಯಿಂದಲೇ ಅನ್ನುತ್ತಾಳೆ. ಕಮಲಾಳ ಮುಖದಲ್ಲಿ ಮೊದಲ ಸಲ ಭಯ ಕಾಣಬೇಕು. ಅದೇ ಹೊತ್ತಿಗೆ ರಾಮಣ್ಣ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಬಾಗಿಲು ದಾಟುವಾಗ, ಹೊಸ ರೋಗಿಯೊಬ್ಬರು ಕೈಚೀಲ ಹಿಡಿದು ಒಳಗೆ ಬರಲಿ. ಇಪ್ಪತ್ತಕ್ಕೆ ಇಪ್ಪತ್ತು.

ಹೆಜ್ಜೆ 10: ಸ್ಕ್ರಿಪ್ಟನ್ನು ಒಬ್ಬ ನರ್ಸಿಗೆ ಓದಿ ಹೇಳಿ

ಶೂಟಿಂಗಿಗೆ ಮೊದಲು ಇದನ್ನು ಮಾಡಿ. ಸಿರಿಂಜಿಗೆ ಸೂಜಿ ಇರಬಾರದು, ಕಥೆಯ ಆಸ್ಪತ್ರೆಗೆ ಯಾವ ನಿಜ ಆಸ್ಪತ್ರೆಯ ಹೆಸರೂ ಹೋಲಬಾರದು, ಇವು ನಿಮಗೇ ಗೊತ್ತಿರುತ್ತವೆ. ಗೊತ್ತಿಲ್ಲದ್ದನ್ನು ನರ್ಸ್ ಹೇಳುತ್ತಾರೆ. ನನ್ನ ಕಥೆಯನ್ನು ನಾನು ಓದಿ ಹೇಳಿದ್ದು ನಿವೃತ್ತರಾದ ಒಬ್ಬ ಸ್ಟಾಫ್ ನರ್ಸಿಗೆ. ಚಾರ್ಟಿನ ದೃಶ್ಯ ಬಂದಾಗ ಅವರು ಬಾಯಿಗೆ ಸೆರಗು ಹಿಡಿದು ನಕ್ಕರು. ಆಮೇಲೆ ತಡೆದು, "ಮೂರು ದಿನವೂ 98.4 ಬರೀಬೇಡಿ. ಸುಳ್ಳು ಚಾರ್ಟು ಬರೆಯೋರು ಯಾವಾಗಲೂ ಸ್ವಲ್ಪ ಏರುಪೇರು ಮಾಡಿ ಬರೀತಾರೆ" ಅಂದರು. ಈಗ ಸ್ಕ್ರಿಪ್ಟಿನಲ್ಲಿ ಬುಧವಾರ 98.4, ಗುರುವಾರ 98.8, ಶುಕ್ರವಾರ 98.2 ಅಂತ ಇದೆ.